ಹಿಡಿಯೋದು ಕಲಿಸಿದವರಿಗೆ ಶಾಲು ಯಾವಾಗ?

ದೊಡ್ಡಆಲಹಳ್ಳಿಯ ಅಂಕಣ ಇರಲಿ, ದೊಡ್ಡ ಸ್ಟೇಡಿಯಂ ಇರಲಿ, ಕಬಡ್ಡಿಯಲ್ಲಿ ಶಿಳ್ಳೆ ಬೀಳೋದು ರೈಡರ್‌ಗೇ. ಅವನ ಕಾಲು ಹಿಡಿದ ಕಾರ್ನರ್, ಮೇಲೆ ಬಿದ್ದ ಕವರ್, ಇವರನ್ನ ಜೋಡಿಸಿ ಕಲಿಸಿದ ಕೋಚ್ ಯಾರಿಗೂ ನೆನಪಿರಲ್ಲ.

ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಅವರನ್ನೇ ನೋಡಿ. 2001ರ ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಮೊದಲ ಪ್ರೊ ಕಬಡ್ಡಿ ಕಪ್ ಗೆಲ್ಲಿಸಿದರು. ಫೈನಲ್‌ಗೆ ನಾಯಕ ಮಣಿಂದರ್ ಸಿಂಗ್ ಇರಲಿಲ್ಲ. ಆದರೂ ದಬಾಂಗ್ ದೆಹಲಿ ವಿರುದ್ಧ 39-34! 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್‌ಗೂ ಮೊದಲ ಕಪ್. ಹರಿಯಾಣ ಸ್ಟೀಲರ್ಸ್ 25ಕ್ಕೇ ನಿಂತಿತು, ಪುಣೇರಿ 28. ಆ ಸೀಸನ್‌ನ ಅತ್ಯುತ್ತಮ ಡಿಫೆಂಡರ್ ಶಾದ್ಲೂಯಿ ಇದ್ದದ್ದೂ ಇದೇ ತಂಡದಲ್ಲಿ.

ಇಷ್ಟೆಲ್ಲ ಆದರೂ ಅವರು ಎದುರಿಗೆ ಬಂದರೆ ನಮ್ಮಲ್ಲಿ ಎಷ್ಟು ಜನ ಗುರುತಿಸ್ತೀವಿ?

ಮುಂದಿನ ಸಲ ಊರಿನ ಪಂದ್ಯಕ್ಕೆ ವೇದಿಕೆ ಹಾಕಿದಾಗ, ಹುಡುಗರಿಗೆ ಹಿಡಿಯೋದು ಕಲಿಸಿದ ಮೇಷ್ಟ್ರನ್ನೂ ಮೇಲೆ ಕರೀರಿ. ಶಾಲು ರಾಜಕಾರಣಿಗಳಿಗೆ ಮಾತ್ರಾನಾ?