ಜುಬಿಲಿ: ಒಂದು ಪದದ ಮೂಲ ಮತ್ತು ಅರ್ಥ

ಕಳೆದ ಒಂದು ವರ್ಷದಿಂದ ನಮ್ಮೂರಿನಲ್ಲಿ ಎಲ್ಲರ ಬಾಯಲ್ಲೂ ಓಡಾಡಿದ ಇಂಗ್ಲಿಷ್ ಪದ ‘ಜುಬಿಲಿ’. ರಸೀದಿ ಪುಸ್ತಕದ ಮೇಲೆ, ಆಹ್ವಾನ ಪತ್ರಿಕೆಯಲ್ಲಿ ‘ಸುವರ್ಣ ಮಹೋತ್ಸವ’ ಎಂದು ಅಚ್ಚಾಗಿದ್ದರೂ ಮಾತಿನಲ್ಲಿ ನಿಂತದ್ದು ಜುಬಿಲಿಯೇ. ‘ಜುಬ್ಲಿ ಚಂದಾ ಕೊಟ್ರಾ?’, ‘ಜುಬ್ಲಿಗೆ ಮಗಳು ಅಳಿಯ ಬರ್ತಾರಾ?’ ಎಂದು ಶಾಲೆಯ ಮೆಟ್ಟಿಲು ಹತ್ತದ ಹಿರಿಯರೂ ಕೇಳುತ್ತಾರೆ. ಸಿನಿಮಾ 25 ವಾರ ಓಡಿದರೆ ಸಿಲ್ವರ್ ಜುಬಿಲಿ ಎಂಬುದು ನಮ್ಮ ಕಾಲದ ಹುಡುಗರಿಗೆಲ್ಲ ಗೊತ್ತಿದ್ದ ಲೆಕ್ಕ. ಸಮಾಜ ವಿಜ್ಞಾನ ಪಾಠ ಮಾಡುತ್ತಾ ಸೇವಾವಧಿ ಕಳೆದವನು ನಾನು. ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಕೊಡಿ ಎಂದು ಸಮಿತಿಯವರು ಕೇಳಿದಾಗ ಈ ಪದದ ಚರಿತ್ರೆಯನ್ನೇ ಬರೆಯೋಣವೆಂದುಕೊಂಡೆ. ಏಕೆಂದರೆ ಅದರ ಮೂಲಾರ್ಥ ಉತ್ಸವವಲ್ಲ. ಆ ಮೂಲಾರ್ಥ ತಿಳಿದರೆ ನಮ್ಮ ಈ ಸಮಾರಂಭದಲ್ಲಿ ಮಾಡಬೇಕಾದ ಒಂದು ಕೆಲಸವೂ ನೆನಪಿಗೆ ಬರುತ್ತದೆ.

ಟಗರಿನ ಕೊಂಬಿನಿಂದ

ಜುಬಿಲಿ ಎಂಬ ಮಾತು ಹುಟ್ಟಿದ್ದು ಯೆಹೂದ್ಯರ ಹೀಬ್ರೂ ಭಾಷೆಯ ‘ಯೋಬೇಲ್’ ಎಂಬ ಪದದಿಂದ. ಯೋಬೇಲ್ ಎಂದರೆ ಟಗರು. ಟಗರಿನ ಕೊಂಬಿನಿಂದ ಮಾಡಿದ ಕಹಳೆಗೂ ಅದೇ ಹೆಸರು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡ ಎಂಬ ಭಾಗವಿದೆ. ಅದರ 25ನೆಯ ಅಧ್ಯಾಯದಲ್ಲಿ ಈ ವರ್ಷದ ಕಟ್ಟಳೆಗಳನ್ನು ಹೇಳಿದೆ. ಏಳೇಳಲ ನಲವತ್ತೊಂಬತ್ತು ವರ್ಷ ಎಣಿಸಬೇಕು. ಆಮೇಲೆ ಏಳನೆಯ ತಿಂಗಳ ಹತ್ತನೆಯ ದಿನ ನಾಡಿನಲ್ಲೆಲ್ಲ ಕೊಂಬು ಊದಿಸಿ ಐವತ್ತನೆಯ ವರ್ಷವನ್ನು ಸಾರಬೇಕು.

ಕೊಂಬಿನ ಸದ್ದು ಕೇಳಿದ ಮೇಲೆ ಆಗಬೇಕಾದದ್ದು ಮುಖ್ಯವಾಗಿ ಮೂರು. ಆ ವರ್ಷ ಬಿತ್ತನೆಯಿಲ್ಲ, ಭೂಮಿಗೆ ವಿಶ್ರಾಂತಿ. ಬಡತನದಿಂದ ಹೊಲ ಮಾರಿಕೊಂಡಿದ್ದವನಿಗೆ ಅವನ ಹೊಲ ಮರಳಿ ಬರಬೇಕು. ತನ್ನನ್ನೇ ಮಾರಿಕೊಂಡು ಇನ್ನೊಬ್ಬರ ಮನೆಯಲ್ಲಿ ದುಡಿಯುತ್ತಿದ್ದವನು ಹೆಂಡತಿ ಮಕ್ಕಳೊಡನೆ ತನ್ನ ಕುಲದವರ ಬಳಿಗೆ ಹಿಂತಿರುಗಬೇಕು.

ಹೊಲದ ಬೆಲೆ ಕಟ್ಟುವ ಕ್ರಮವನ್ನು ನಮ್ಮ ರೈತರು ಸುಲಭವಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಮುಂದಿನ ಜುಬಿಲಿಗೆ ಇನ್ನೆಷ್ಟು ಬೆಳೆ ಬಾಕಿಯಿದೆಯೋ ಅಷ್ಟಕ್ಕೆ ಮಾತ್ರ ಬೆಲೆ. ವರ್ಷ ಹೆಚ್ಚಿದ್ದರೆ ಹಣ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಅಂದರೆ ಕ್ರಯ ಎನ್ನಿಸಿಕೊಂಡದ್ದು ನಿಜದಲ್ಲಿ ಭೋಗ್ಯ. ಕೋಟೆಯೊಳಗಿನ ಪಟ್ಟಣದ ಮನೆಗೆ ಈ ನಿಯಮವಿಲ್ಲ. ಮಾರಿದವನು ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಸೇರಿತು. ಕೋಟೆಯಿಲ್ಲದ ಹಳ್ಳಿಯ ಮನೆಯನ್ನು ಮಾತ್ರ ಹೊಲದ ಜೊತೆಗೆ ಎಣಿಸಿ ಜುಬಿಲಿಯಲ್ಲಿ ಹಿಂದಿರುಗಿಸಬೇಕಿತ್ತು. ಒಮ್ಮೆ ಬಿದ್ದ ಕುಟುಂಬ ತಲೆಮಾರುಗಟ್ಟಲೆ ಬಿದ್ದೇ ಇರಬಾರದು ಎಂಬುದು ಇದರ ಆಶಯ.

ಈ ಕಟ್ಟಳೆಗೂ ಮಿತಿಯಿತ್ತು. ಬಿಡುಗಡೆ ಸ್ವಜನರಿಗೆ ಮಾತ್ರ. ಹೊರಗಿನಿಂದ ಕೊಂಡು ತಂದ ಗುಲಾಮರಿಗೆ ಅದು ಅನ್ವಯಿಸುತ್ತಿರಲಿಲ್ಲ. ಇದು ಎಷ್ಟರ ಮಟ್ಟಿಗೆ ಆಚರಣೆಯಲ್ಲಿತ್ತು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಇಂಥ ಯೋಚನೆ ಆ ಸೀಮೆಗೆ ಹೊಸದಾಗಿರಲಿಲ್ಲ. ಅದಕ್ಕೂ ಎಷ್ಟೋ ಹಿಂದೆ ಬ್ಯಾಬಿಲೋನಿನ ಅರಸರು ಸಾಲ ಮನ್ನಾ ಮಾಡಿ, ಸಾಲಕ್ಕಾಗಿ ದುಡಿಯುತ್ತಿದ್ದವರನ್ನು ಬಿಡಿಸುವ ಆಜ್ಞೆಗಳನ್ನು ಹೊರಡಿಸಿದ್ದರು. ಅಮ್ಮಿಸದುಕ ಎಂಬ ದೊರೆಯ ಅಂಥ ಆಜ್ಞೆ ಮಣ್ಣಿನ ಹಲಗೆಗಳಲ್ಲಿ ಇಂದಿಗೂ ಉಳಿದಿದೆ. ಅಲ್ಲಿ ಅದು ಅರಸನ ಮರ್ಜಿ. ಯೆಹೂದ್ಯರಲ್ಲಿ ಅರಸನ ಮರ್ಜಿಗೆ ಕಾಯದೆ ತಾನಾಗಿ ಬರಬೇಕಾದ ವರ್ಷವಾಯಿತು.

ಬಿಡುಗಡೆಯಿಂದ ಮೆರವಣಿಗೆಗೆ

ಯೋಬೇಲ್ ಪದ ಲ್ಯಾಟಿನ್ ಭಾಷೆಗೆ ಹೋದಾಗ ‘ಜುಬಿಲೇಯಸ್’ ಎಂದಾಯಿತು. ಲ್ಯಾಟಿನಿನಲ್ಲಿ ಮೊದಲೇ ‘ಜುಬಿಲಾರೆ’ ಎಂಬ ಬೇರೊಂದು ಪದವಿತ್ತು. ಹಳ್ಳಿಗರು ಹೊಲಗದ್ದೆಗಳಲ್ಲಿ ಹಾಕುವ ಕೇಕೆಗೆ ಅದನ್ನು ಬಳಸುತ್ತಿದ್ದರು. ಎರಡಕ್ಕೂ ಹುಟ್ಟಿನ ಸಂಬಂಧವಿಲ್ಲದಿದ್ದರೂ ಧ್ವನಿ ಹತ್ತಿರವಾದ್ದರಿಂದ ಕೊಂಬಿನ ಪದಕ್ಕೆ ಕೇಕೆಯ ಬಣ್ಣ ಹತ್ತಿತು. ಬಿಡುಗಡೆ ಹಿಂದಕ್ಕೆ ಸರಿದು ಸಂಭ್ರಮ ಮುಂದೆ ಬಂತು. ಫ್ರೆಂಚ್ ಭಾಷೆಯ ಮೂಲಕ ಹದಿನಾಲ್ಕನೆಯ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಸೇರಿತು.

ಈ ನಡುವೆ 1300ರಲ್ಲಿ ರೋಮಿನ ಪೋಪ್ ಎಂಟನೆಯ ಬೋನಿಫೇಸ್ ಮೊದಲ ಕ್ರೈಸ್ತ ಜುಬಿಲಿ ವರ್ಷವನ್ನು ಸಾರಿದ್ದರು. ಇಲ್ಲಿ ಮನ್ನಾ ಆದದ್ದು ಹೊಲದ ಸಾಲವಲ್ಲ, ಪಾಪದ ದಂಡನೆ. ಮೊದಲು ನೂರು ವರ್ಷಕ್ಕೊಮ್ಮೆ ಎಂದಿದ್ದದ್ದು 1350ರ ಹೊತ್ತಿಗೆ ಐವತ್ತಾಯಿತು. 1470ರಲ್ಲಿ ಇಪ್ಪತ್ತೈದಕ್ಕೆ ಇಳಿಯಿತು.

ಅರಸರು ಈ ಪದವನ್ನು ತಮ್ಮದಾಗಿಸಿಕೊಂಡದ್ದು ಆಮೇಲೆ. 1809ರಲ್ಲಿ ಇಂಗ್ಲೆಂಡಿನ ಮೂರನೆಯ ಜಾರ್ಜ್ ಅರಸನ ಆಳ್ವಿಕೆಯ ಐವತ್ತನೆಯ ವರ್ಷವನ್ನು ಜುಬಿಲಿ ಎಂದು ಆಚರಿಸಿದರು. ಸಾಲ ತೀರಿಸಲಾಗದೆ ಸೆರೆಯಲ್ಲಿದ್ದ ಕೆಲವರನ್ನು ಆ ಸಂದರ್ಭದಲ್ಲಿ ಬಿಡಿಸಿದ್ದು ಹಳೆಯ ಅರ್ಥದ ಉಳಿಕೆ. 1887ರಲ್ಲಿ ವಿಕ್ಟೋರಿಯಾ ರಾಣಿಯ ಗೋಲ್ಡನ್ ಜುಬಿಲಿ, 1897ರಲ್ಲಿ ಡೈಮಂಡ್ ಜುಬಿಲಿ ನಡೆದವು. ನಮ್ಮ ದೇಶಕ್ಕೆ ಈ ಪದ ಮನೆಮಾತಾಗಿ ಬಂದದ್ದು ಹೀಗೆ, ಬ್ರಿಟಿಷ್ ಸಾಮ್ರಾಜ್ಯದ ಮೆರವಣಿಗೆಯ ಜೊತೆಗೆ. ಆ ಮೆರವಣಿಗೆ ಎಲ್ಲರಿಗೂ ಹಿತವಾಗಲಿಲ್ಲ. 1897ರಲ್ಲಿ ದೇಶದ ಹಲವೆಡೆ ಬರಗಾಲ, ಮುಂಬಯಿ ಪುಣೆಗಳಲ್ಲಿ ಪ್ಲೇಗು. ಜೂನ್ 22ರ ರಾತ್ರಿ ಪುಣೆಯಲ್ಲಿ ಜುಬಿಲಿ ಸಮಾರಂಭ ಮುಗಿಸಿ ಹೊರಟಿದ್ದ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು ಸ್ವಾತಂತ್ರ್ಯ ಹೋರಾಟದ ಪಾಠ ಓದಿದ ನಮ್ಮ ಮಕ್ಕಳಿಗೆ ನೆನಪಿರಬಹುದು.

ಮೈಸೂರು ಸಂಸ್ಥಾನದಲ್ಲಿ ಜುಬಿಲಿ ಬಿಟ್ಟುಹೋದ ಗುರುತುಗಳು ಬೇರೆ ರೀತಿಯವು. 1887ರ ಜುಬಿಲಿಯ ನೆನಪಿಗೆ ಮೈಸೂರಿನಲ್ಲಿ ವಿಕ್ಟೋರಿಯಾ ಜುಬಿಲಿ ಇನ್‌ಸ್ಟಿಟ್ಯೂಟ್ ಕಟ್ಟಡಕ್ಕೆ ಚಾಮರಾಜೇಂದ್ರ ಒಡೆಯರು ಅಡಿಗಲ್ಲು ಹಾಕಿದರು. 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿ ನೆಲೆಗೊಂಡದ್ದು ಅಲ್ಲಿಯೇ. ತಂಜಾವೂರು ಕಡೆಯ ಪಂಡಿತರೊಬ್ಬರು ಈ ಲೈಬ್ರರಿಗೆ ಒಪ್ಪಿಸಿದ ಓಲೆಗರಿಗಳಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದನ್ನು ಅಚ್ಚು ಮಾಡಿಸಿದರು. ರಾಣಿಯ ಹೆಸರಿನ ಕಟ್ಟಡ ಕಳೆದುಹೋಗಿದ್ದ ಗ್ರಂಥವೊಂದನ್ನು ನಾಡಿಗೆ ಮರಳಿ ಕೊಟ್ಟಿತು. ಮುಂದೆ 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬ ನಡೆಯಿತು. ಮೈಸೂರಿನ ದೊಡ್ಡ ಗಡಿಯಾರ ಆಗ ಎದ್ದದ್ದು. ಬೆಂಗಳೂರಿನ ಕೆ.ಆರ್. ಸರ್ಕಲ್ಲಿನ ಬಳಿ ಇರುವ ಎಸ್‌.ಕೆ.ಎಸ್‌.ಜೆ.ಟಿ.ಐ. ಕಾಲೇಜಿನ ಹೆಸರಿನಲ್ಲಿ ‘ಜೆ’ ಎಂದರೆ ಜುಬಿಲಿಯೇ.

ಶಾಲೆಯನ್ನು ಉಳಿಸಿದ ಹಾಡುಗಾರರು

ಅರಸರು ಮೆರವಣಿಗೆಗೆ ಬಳಸಿದ ಈ ಪದವನ್ನು ಅದರ ಹಳೆಯ ಅರ್ಥದಲ್ಲೇ ಎದೆಗೆ ಅಪ್ಪಿಕೊಂಡವರು ಅಮೆರಿಕದ ಕಪ್ಪು ಗುಲಾಮರು. ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಅವರಿಗೆ ಜುಬಿಲಿ ಎಂದರೆ ಬಿಡುಗಡೆಯಾಗುವ ದಿನ. 1863ರ ಜನವರಿ 1ರಂದು ಅಬ್ರಹಾಂ ಲಿಂಕನ್ನರ ವಿಮೋಚನಾ ಘೋಷಣೆ ಜಾರಿಗೆ ಬಂದಾಗ ಅವರು ಆ ದಿನವನ್ನು ಜುಬಿಲಿ ಎಂದೇ ಕರೆದರು.

1866ರಲ್ಲಿ ನ್ಯಾಶ್‌ವಿಲ್ ಎಂಬ ಊರಿನಲ್ಲಿ, ಸೈನ್ಯ ಬಿಟ್ಟುಹೋದ ಹಳೆಯ ಕಟ್ಟಡಗಳಲ್ಲಿ, ಬಿಡುಗಡೆಯಾದವರಿಗಾಗಿ ಫಿಸ್ಕ್ ಎಂಬ ಶಾಲೆ ಆರಂಭವಾಯಿತು. ಐದು ವರ್ಷದಲ್ಲಿ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂತು. ಆಗ ಸಂಗೀತ ಕಲಿಸುತ್ತಿದ್ದ, ಖಜಾಂಚಿಯೂ ಆಗಿದ್ದ ಜಾರ್ಜ್ ವೈಟ್ ಒಂಬತ್ತು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1871ರ ಅಕ್ಟೋಬರಿನಲ್ಲಿ ಊರೂರು ಹಾಡಲು ಹೊರಟರು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿಯೇ ಹುಟ್ಟಿದ್ದವರು. ತಂಡಕ್ಕೆ ಇಟ್ಟ ಹೆಸರು ‘ಜುಬಿಲಿ ಸಿಂಗರ್ಸ್’. 1873ರಲ್ಲಿ ಇಂಗ್ಲೆಂಡಿಗೆ ಹೋದಾಗ ವಿಕ್ಟೋರಿಯಾ ರಾಣಿಯೇ ಅವರ ಹಾಡು ಕೇಳಿದರು. ಹಾಡಿ ತಂದ ಹಣದಿಂದ ಸಾಲ ತೀರಿ, ಶಾಲೆ ಉಳಿದು, ಕಟ್ಟಡವೂ ಎದ್ದಿತು. 1876ರಲ್ಲಿ ತೆರೆದ ಆ ಕಟ್ಟಡದ ಹೆಸರು ಜುಬಿಲಿ ಹಾಲ್. ಇಂದಿಗೂ ಅದು ನಿಂತಿದೆ. ಆ ಶಾಲೆ ವಿಶ್ವವಿದ್ಯಾನಿಲಯವಾಗಿದೆ.

ನಮ್ಮ ಶಾಲೆಯೂ ಈ ಪದವೂ

ನಮ್ಮ ಶಾಲೆ ಆರಂಭವಾದ ಕಾಲವನ್ನು ಹಿರಿಯರು ನೆನಪಿಸಿಕೊಳ್ಳಬೇಕು. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ದಿನಗಳವು. 1974ರ ಮಾರ್ಚ್ 1ರಿಂದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರು ಭೂ ನ್ಯಾಯ ಮಂಡಳಿಯ ಮುಂದೆ ಅರ್ಜಿ ಹಿಡಿದು ನಿಂತರು. 1976ರಲ್ಲಿ ಜೀತ ಪದ್ಧತಿ ನಿಷೇಧದ ಕೇಂದ್ರ ಕಾಯ್ದೆಯೂ ನಮ್ಮ ರಾಜ್ಯದ ಋಣ ಪರಿಹಾರ ಕಾಯ್ದೆಯೂ ಬಂದವು. ಉಳುವವನಿಗೆ ಹೊಲ, ಜೀತದವನಿಗೆ ಬಿಡುಗಡೆ, ಸಾಲಗಾರನಿಗೆ ಮನ್ನಾ. ಆಗ ಯಾರೂ ಇದನ್ನು ಜುಬಿಲಿ ಎನ್ನಲಿಲ್ಲ. ಆದರೆ ಟಗರಿನ ಕೊಂಬು ಊದಿಸಿದವರು ಬಯಸಿದ್ದು ಇದನ್ನೇ. ಗೇಣಿದಾರರ ಮಕ್ಕಳು, ಜೀತ ಬಿಟ್ಟು ಬಂದವರ ಮಕ್ಕಳು ನಮ್ಮ ಶಾಲೆಯ ಮೊದಲ ತಂಡಗಳಲ್ಲಿ ಕುಳಿತರು.

ಅವರೆಲ್ಲರೂ ಕೊನೆಯವರೆಗೆ ಕುಳಿತರೇ? ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಲು ದಾಖಲಾತಿ ರಿಜಿಸ್ಟರ್ ತೆಗೆದವರಲ್ಲಿ ನಾನೂ ಒಬ್ಬ. ಎಂಟನೆಯ ತರಗತಿಗೆ ಸೇರಿದ ಎಷ್ಟೋ ಹೆಸರುಗಳು ಎಸ್ಸೆಸ್ಸೆಲ್ಸಿ ಪಟ್ಟಿಗೆ ಬರುವುದೇ ಇಲ್ಲ. ದನ ಕಾಯಲು, ತಮ್ಮ ತಂಗಿಯರನ್ನು ಆಡಿಸಲು ಬಿಟ್ಟವರಿದ್ದಾರೆ. ಮದುವೆಯಾಯಿತೆಂದು ಬಿಟ್ಟ ಹೆಣ್ಣುಮಕ್ಕಳಿದ್ದಾರೆ. ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಶಾಲೆಯ ಕಡೆ ತಲೆ ಹಾಕದವರಿದ್ದಾರೆ. ‘ನಾನು ಪಾಸಾದವನಲ್ಲ ಸಾರ್, ನನಗೇಕೆ ಆಹ್ವಾನ?’ ಎಂದು ಸಂಕೋಚಪಡುವವರು ಇವರೇ. ನಮ್ಮ ಸಮಾರಂಭಕ್ಕೆ ಪೆಂಡಾಲ್ ಹಾಕುವವರಲ್ಲಿ, ಅಡುಗೆಗೆ ನಿಲ್ಲುವವರಲ್ಲಿ, ದೂರದ ಊರುಗಳಿಗೆ ಕೂಲಿಗೆ ಹೋದವರಲ್ಲಿ ಇವರಿದ್ದಾರೆ.

ಜುಬಿಲಿ ಎಂಬ ಪದದ ಮೇಲೆ ಮೊದಲ ಹಕ್ಕು ಇವರದು. ಕಳೆದುಕೊಂಡವನು ತನ್ನ ಜಾಗಕ್ಕೆ ಮರಳುವುದೇ ಅದರ ಅರ್ಥವಾದ ಮೇಲೆ, ಇವರನ್ನು ಬಿಟ್ಟು ಮಾಡುವ ಉತ್ಸವ ಮೆರವಣಿಗೆಯಾದೀತೇ ಹೊರತು ಜುಬಿಲಿಯಾಗದು. ಆದ್ದರಿಂದ ಸಮಿತಿಯವರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದು ಎರಡು ವಿನಂತಿ. ಒಂದು, ಪಾಸಾದವರ ಪಟ್ಟಿಯ ಬದಲು ದಾಖಲಾತಿ ರಿಜಿಸ್ಟರನ್ನೇ ಆಧಾರವಾಗಿಟ್ಟು, ಒಂದು ದಿನ ಬಂದು ಹೋದವರಿಗೂ ಆಹ್ವಾನ ಪತ್ರಿಕೆ ತಲುಪಿಸೋಣ. ಎರಡು, ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಲು ಅವಕಾಶವಿದೆ. ಊರಿನ ಯಾವ ಅಕ್ಕನಿಗಾದರೂ ಅಣ್ಣನಿಗಾದರೂ ಆ ಮನಸ್ಸಿದ್ದರೆ ಪರೀಕ್ಷಾ ಶುಲ್ಕವನ್ನು ಹಳೆಯ ವಿದ್ಯಾರ್ಥಿಗಳ ಸಂಘ ಭರಿಸಲಿ, ಸಂಜೆ ಹೊತ್ತು ಪಾಠ ಹೇಳಲು ನಿವೃತ್ತರಾದ ನಾವು ಕೆಲವರು ಇದ್ದೇವೆ. ಸಮಾಜ ವಿಜ್ಞಾನಕ್ಕೆ ನನ್ನ ಹೆಸರು ಬರೆದುಕೊಳ್ಳಬಹುದು.