ಹುಮನಾಬಾದಿನ ಇನ್ನೂರು ಚೀಲ ತೊಗರಿ

ಮಾಡೆಲ್ ರೈಲು ಅಂದ್ರೆ ನಮ್ಮಲ್ಲಿ ಬಹಳ ಜನರ ತಲೆಗೆ ಬರೋದು ದುಂಡಗಿನ ಹಳಿ, ಅದರ ಮೇಲೆ ಸುತ್ತು ಹಾಕುವ ಇಂಜಿನ್, ಕೈಚಪ್ಪಾಳೆ ತಟ್ಟುವ ಮಕ್ಕಳು. ಆದರೆ ಈ ಹವ್ಯಾಸದಲ್ಲಿ ಇನ್ನೊಂದು ಪಂಗಡವಿದೆ. ಅವರಿಗೆ ಇಂಜಿನ್‌ಗಿಂತ ಗೂಡ್ಸ್ ವ್ಯಾಗನ್ ಮುಖ್ಯ. ಈ ವ್ಯಾಗನ್ ಎಲ್ಲಿಂದ ಬಂತು, ಒಳಗೆ ಏನಿದೆ, ಕಳಿಸಿದವರು ಯಾರು, ಇಳಿಸ್ಕೊಳ್ಳೋರು ಯಾರು? ಈ ನಾಲ್ಕು ಪ್ರಶ್ನೆಗೆ ಉತ್ತರ ಇಲ್ಲದೆ ಅವರ ಹಳಿ ಮೇಲೆ ಒಂದು ವ್ಯಾಗನ್ನೂ ಅಲ್ಲಾಡುವುದಿಲ್ಲ.

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಫ್ರಾಂಕ್ ಎಲಿಸನ್ 1940ರ ದಶಕದಲ್ಲಿ ತನ್ನ ‘ಡೆಲ್ಟಾ ಲೈನ್ಸ್’ ಎಂಬ ಪುಟಾಣಿ ರೈಲ್ವೆಯನ್ನು ನಾಟಕಕ್ಕೆ ಹೋಲಿಸಿದ. ಅವನ ಲೆಕ್ಕದಲ್ಲಿ ಗುಡ್ಡ, ಊರು, ಸ್ಟೇಷನ್ ಎಲ್ಲ ರಂಗಸಜ್ಜಿಕೆ. ರೈಲುಗಳು ಪಾತ್ರಗಳು. ವೇಳಾಪಟ್ಟಿಯೇ ಕಥೆ. 1961ರಲ್ಲಿ ಡಗ್ ಸ್ಮಿತ್ ಎಂಬಾತ ಇದಕ್ಕೆ ಒಂದು ಕಾರ್ಡ್ ಪದ್ಧತಿಯನ್ನು ಬರೆದು ಪ್ರಕಟಿಸಿದ. ಇವತ್ತಿಗೂ ಸಾವಿರಾರು ಮನೆಗಳಲ್ಲಿ ನಡೆಯೋದು ಅದೇ ಪದ್ಧತಿ, ಅಥವಾ ಅದರ ಮಕ್ಕಳು ಮೊಮ್ಮಕ್ಕಳು.

ಪದ್ಧತಿ ಬಹಳ ಸರಳ. ಪ್ರತಿ ವ್ಯಾಗನ್‌ಗೂ ಒಂದು ಕಾರ್ಡ್, ಕಾರ್ಡಿಗೊಂದು ಜೇಬು, ಜೇಬಿನಲ್ಲಿ ಒಂದು ಚೀಟಿ. ನಮ್ಮ ಲಾರಿ ಆಫೀಸಿನ ಭಾಷೆಯಲ್ಲಿ ಹೇಳಬೇಕಂದ್ರೆ ಬಿಲ್ಟಿ. ಇಂಥ ಊರಿಂದ ಇಂಥ ಊರಿಗೆ, ಇಂಥ ಮಾಲು, ಇಂಥ ಸಾಹುಕಾರರಿಗೆ ಅಂತ ಅದರಲ್ಲಿ ಬರೆದಿರುತ್ತೆ. ಪ್ರತಿ ಸ್ಟೇಷನ್ನಿನ ಹತ್ತಿರ ಮೂರು ಗೂಡಿನ ಒಂದು ಪೆಟ್ಟಿಗೆ. ಒಂದು ಗೂಡಿನಲ್ಲಿ ಇಲ್ಲಿ ಬಿಡಬೇಕಾದ ವ್ಯಾಗನ್ನುಗಳ ಕಾರ್ಡು, ಎರಡನೆಯದರಲ್ಲಿ ಎತ್ತಿಕೊಂಡು ಹೋಗಬೇಕಾದವು, ಮೂರನೆಯದರಲ್ಲಿ ಸದ್ಯಕ್ಕೆ ತಡೆದಿಟ್ಟವು. ಗೆಳೆಯರು ನಾಲ್ಕೈದು ಜನ ಸೇರುತ್ತಾರೆ. ಒಬ್ಬ ಡ್ರೈವರ್, ಒಬ್ಬ ಗಾರ್ಡ್, ಒಬ್ಬ ಕಂಟ್ರೋಲರ್. ಗಡಿಯಾರ ಮಾತ್ರ ನಾಲ್ಕು ಪಟ್ಟು ವೇಗವಾಗಿ ಓಡುತ್ತೆ. ಜಿರಾ ಬೋರ್ಡ್ ಮುಂದೆ ದಿನವಿಡೀ ಕೂರುವ ನಮ್ಮಂಥವರಿಗೆ ಇದು ಗುರುತು ಸಿಗದೇ ಇರೋಕೆ ಸಾಧ್ಯವೇ ಇಲ್ಲ.

ಈಗ ಇದೇ ಆಟವನ್ನು ನಮ್ಮ ಕಡೆಗೆ ತರೋಣ. ಬೀದರ್‌ನಿಂದ ಹುಮನಾಬಾದ್ ಮೇಲೆ ಕಲಬುರಗಿಗೆ ಹೋಗುವ ಮಾರ್ಗ ಸುಮಾರು 110 ಕಿಲೋಮೀಟರ್. ಎಚ್‌ಓ ಅಳತೆಯಲ್ಲಿ, ಅಂದ್ರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೂ ಒಂದೂಕಾಲು ಕಿಲೋಮೀಟರ್ ಹಳಿ ಬೇಕು. ಬೆಂಗಳೂರಿನ ಟೂ ಬಿಎಚ್‌ಕೆಯಲ್ಲಿ ಅದು ಆಗದ ಮಾತು. ಹುಮನಾಬಾದ್ ಒಂದೇ ಸ್ಟೇಷನ್ ಸಾಕು ಅಂದುಕೊಳ್ಳೋಣ. ಹಳಿ ಹಾಕಬಹುದು, ಪ್ಲಾಟ್‌ಫಾರ್ಮ್ ಕಟ್ಟಬಹುದು, ಬೇಸಿಗೆಯಲ್ಲಿ ಕೆಂಪಗೆ ಕಾಯುವ ಆ ಮಣ್ಣನ್ನೂ ತಂದು ಹರವಬಹುದು. ಕಷ್ಟ ಇರೋದು ಬಿಲ್ಟಿಯಲ್ಲಿ. ಹುಮನಾಬಾದಿನಿಂದ ಯಾರು, ಏನನ್ನ, ಯಾರಿಗೆ ರೈಲಿನಲ್ಲಿ ಕಳಿಸ್ತಾರೆ? ಈ ಒಂದು ಚೀಟಿ ತುಂಬಲು ಹೊರಟರೆ ಒಂಬೈನೂರು ವರ್ಷ ಹಿಂದಕ್ಕೆ ಹೋಗಿಬರಬೇಕಾಗುತ್ತೆ.

ಯಾಕಂದ್ರೆ ಮಾಲು ಸಾಗಿಸೋದು ಈ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಕತ್ತೆ, ಕೋಣಗಳ ಮೇಲೆ ಸರಕು ಹೇರಿಕೊಂಡು ದೇಶ ಸುತ್ತುತ್ತಿದ್ದವು ಅಂತ ಶಾಸನಗಳು ಹೇಳುತ್ತವೆ. ಆಗಿನ ಲೆಕ್ಕದ ಘಟಕವೇ ‘ಹೇರು’. ಒಂದು ಹೇರು ಮೆಣಸಿಗೆ ಇಷ್ಟು, ಒಂದು ಹೇರು ಎಲೆಗೆ ಇಷ್ಟು ಅಂತ ಸುಂಕ. ಹೆಜ್ಜುಂಕ, ವಡ್ಡರಾವುಳ ಅಂತ ಅದರಲ್ಲೂ ಬಗೆಬಗೆ. ಬಸವಣ್ಣನವರ ಕಾಲದ ಶರಣರಲ್ಲಿ ಸುಂಕದ ಬಂಕಣ್ಣ ಅಂತ ಒಬ್ಬರಿದ್ದರು. ಸುಂಕ ವಸೂಲಿಯೇ ಅವರ ಕಾಯಕ. ಸುಂಕದ ಕಟ್ಟೆಯಲ್ಲಿ ನಿಂತು ಎಲ್ಲಿಂದ ಬಂತು, ಏನಿದೆ, ಯಾರದು, ಎಲ್ಲಿಗೆ ಅಂತ ಕೇಳುವ ಕೆಲಸ ಅದು. ಅದೇ ನಾಲ್ಕು ಪ್ರಶ್ನೆ.

ಆಮೇಲೆ ಬಂದವರು ಲಂಬಾಣಿಗರು. 1657ರಲ್ಲಿ ಔರಂಗಜೇಬ್ ಬೀದರ್ ಮತ್ತು ಕಲ್ಯಾಣದ ಕೋಟೆಗಳನ್ನು ಹಿಡಿದ. ದಖ್ಖನ್ನಿಗೆ ಬಂದ ಮೊಘಲ್ ಸೈನ್ಯಗಳಿಗೆ ದವಸ ತಂದು ಹಾಕುತ್ತಿದ್ದದ್ದು ಈ ಜನರ ಎತ್ತುಗಳು. ಅದೇ ಶತಮಾನದಲ್ಲಿ ಭಾರತ ಸುತ್ತಿದ ಫ್ರೆಂಚ್ ವ್ಯಾಪಾರಿ ತವೆರ್ನಿಯೇ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಒಂದು ಎತ್ತಿಗೆ ಒಂದೂವರೆ ಕ್ವಿಂಟಲ್ ಅಂತ ಹಿಡಿದರೂ ಹತ್ತು ಸಾವಿರ ಎತ್ತಿಗೆ 1,500 ಟನ್! ಇವತ್ತಿನ ಒಂದು ಗೂಡ್ಸ್ ರೈಲಿನ ಅರ್ಧಕ್ಕಿಂತ ಹೆಚ್ಚು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಆ ಸಾಲಿನಿಂದ ಹತ್ತು ಎತ್ತು ಒಂದು ಊರಲ್ಲಿ, ಇಪ್ಪತ್ತು ಎತ್ತು ಮುಂದಿನ ಊರಲ್ಲಿ ಬೇರೆಯಾಗಬಹುದಿತ್ತು. ದೊಡ್ಡ ಸಾಗಾಟ ಸಣ್ಣ ಗಿರಾಕಿಯನ್ನು ಬಿಟ್ಟು ಹೋಗುತ್ತಿರಲಿಲ್ಲ.

ಲಂಬಾಣಿ ಎತ್ತುಗಳ ಕೆಲಸ ಕಿತ್ತುಕೊಂಡದ್ದು ರೈಲು. ಮುಂಬೈಯಿಂದ ಹೊರಟ ಜಿಐಪಿ ರೈಲ್ವೆ 1871ರ ಹೊತ್ತಿಗೆ ಸೊಲ್ಲಾಪುರ, ಕಲಬುರಗಿ ದಾಟಿ ರಾಯಚೂರು ಮುಟ್ಟಿತ್ತು. 1874ರಲ್ಲಿ ನಿಜಾಮರ ಹಣದಿಂದ ವಾಡಿ–ಸಿಕಂದರಾಬಾದ್ ಮಾರ್ಗ ಶುರುವಾಯಿತು. ಬೀದರ್‌ಗೆ ವಿಕಾರಾಬಾದ್ ಕಡೆಯಿಂದ ರೈಲು ಬಂದದ್ದು 1930ರ ಸುಮಾರಿಗೆ. ನಕ್ಷೆ ನೋಡಿದರೆ ಗೊತ್ತಾಗುತ್ತೆ: ದಕ್ಷಿಣಕ್ಕೆ ಕಲಬುರಗಿ, ಈಶಾನ್ಯಕ್ಕೆ ಬೀದರ್, ನಡುವೆ ಹಳಿಯಿಲ್ಲದ ಜಾಗದಲ್ಲಿ ಹುಮನಾಬಾದ್ ಮತ್ತು ಬಸವಕಲ್ಯಾಣ. ಎತ್ತುಗಳ ದಂಧೆ ಹೋಯಿತು, ರೈಲು ಮಾತ್ರ ಬರಲಿಲ್ಲ. ಆ ಎತ್ತು ಬಿಚ್ಚಿದ ಜನರ ತಾಂಡಾಗಳು ಈ ಎರಡೂ ತಾಲೂಕುಗಳಲ್ಲಿ ಇವತ್ತಿಗೂ ಇವೆ.

ರೈಲು ಬಂದ ಊರುಗಳಲ್ಲಿ ಏನಾಗ್ತಿತ್ತು ಅನ್ನೋದನ್ನ ನೋಡಬೇಕು, ಯಾಕಂದ್ರೆ ಮಾಡೆಲ್ ರೈಲಿನವರು ಪ್ರೀತಿಸೋದು ಅದೇ ಕಾಲವನ್ನ. ಗಂಜಿನ ಒಬ್ಬ ಅಡತ್ಯಾ ಸ್ಟೇಷನ್ ಮಾಸ್ತರರ ಹತ್ತಿರ ಹೋಗಿ ಒಂದು ವ್ಯಾಗನ್ನಿಗೆ ಇಂಡೆಂಟ್ ಹಾಕುತ್ತಿದ್ದ. ವಾರವೋ ಹದಿನೈದು ದಿನವೋ ಕಾದ ಮೇಲೆ ಖಾಲಿ ವ್ಯಾಗನ್ ಬಂದು ಗೂಡ್ಸ್ ಶೆಡ್ಡಿನ ಲೈನಿಗೆ ನಿಲ್ಲುತ್ತಿತ್ತು. ನಾಲ್ಕು ಚಕ್ರದ ಆ ಮುಚ್ಚಿದ ವ್ಯಾಗನ್ನಿಗೆ ಸುಮಾರು 22 ಟನ್ ಹಿಡಿಯುತ್ತಿತ್ತು. ಕ್ವಿಂಟಲ್ ಚೀಲದ ಲೆಕ್ಕದಲ್ಲಿ ಇನ್ನೂರು ಚೀಲದ ಮೇಲೆ. ಹಮಾಲರು ತುಂಬುತ್ತಿದ್ದರು, ಬಾಗಿಲಿಗೆ ಸೀಲು, ಪಕ್ಕದ ಕ್ಲಿಪ್ಪಿನಲ್ಲಿ ಊರಿನ ಹೆಸರು ಬರೆದ ಲೇಬಲ್. ಆಮೇಲೆ ಪ್ರತಿ ಸ್ಟೇಷನ್ನಲ್ಲೂ ನಿಂತು ಎರಡು ವ್ಯಾಗನ್ ಬಿಟ್ಟು ಮೂರು ಎತ್ತಿಕೊಳ್ಳುವ ಗೂಡ್ಸ್ ಗಾಡಿ ಬಂದು ಅದನ್ನು ಒಯ್ಯುತ್ತಿತ್ತು. ಡಗ್ ಸ್ಮಿತ್‌ನ ಕಾರ್ಡ್ ಮತ್ತು ಮೂರು ಗೂಡಿನ ಪೆಟ್ಟಿಗೆ ಇರೋದೇ ಈ ಗಾಡಿಗಾಗಿ.

ಹುಮನಾಬಾದಿಗೆ 1975ರಲ್ಲಿ ಹಳಿ ಇದ್ದಿದ್ದರೆ ಬಿಲ್ಟಿ ತುಂಬೋದು ಎಷ್ಟು ಸುಲಭವಾಗಿತ್ತು ನೋಡಿ. ಗಂಜಿನಿಂದ ತೊಗರಿ, ಕಡಲೆ, ಉದ್ದು ಹೊರಗೆ. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಸಕ್ಕರೆ ಹೊರಗೆ. ಒಳಗೆ ಬರೋದು ಉಪ್ಪು, ಗೊಬ್ಬರ, ಶಹಾಬಾದಿನ ಸಿಮೆಂಟು, ಖಾಲಿ ಬಾರದಾನದ ಬೇಲು. ಒಂದು ಸಂಜೆಯ ಆಟಕ್ಕೆ ಹತ್ತು ವ್ಯಾಗನ್, ಹತ್ತು ಬೇರೆ ಬೇರೆ ಸಾಹುಕಾರರು, ಹತ್ತು ಬೇರೆ ಬೇರೆ ಊರು.

ಆದರೆ ಆ ಹಳಿ ಇರಲಿಲ್ಲ. ಆ ಜಾಗಕ್ಕೆ ಬಂದದ್ದು ಡಾಂಬರು. ಇದರಲ್ಲೊಂದು ತಮಾಷೆಯೂ ಇದೆ. ಹೈದರಾಬಾದ್ ಸಂಸ್ಥಾನದಲ್ಲಿ ಮೋಟಾರು ಸಾರಿಗೆಯನ್ನು ವ್ಯವಸ್ಥಿತವಾಗಿ ಶುರು ಮಾಡಿದ್ದೇ ರೈಲ್ವೆ. 1930ರಲ್ಲಿ ನಿಜಾಮ್ ಸರ್ಕಾರ ರೈಲ್ವೆಯನ್ನು ಕಂಪನಿಯಿಂದ ಕೊಂಡುಕೊಂಡಿತು. 1932ರಲ್ಲಿ ರೈಲ್ವೆಯ ಅಡಿಯಲ್ಲೇ ರಸ್ತೆ ಸಾರಿಗೆ ಇಲಾಖೆ ತೆರೆದು 27 ಬಸ್ಸುಗಳನ್ನು ಓಡಿಸಿತು. ಮುಂದೆ ಹೈದರಾಬಾದ್–ಸೊಲ್ಲಾಪುರ ರಸ್ತೆ ರಾಷ್ಟ್ರೀಯ ಹೆದ್ದಾರಿ 9 ಆಯಿತು, ಈಗ ಅದು 65. ಹುಮನಾಬಾದ್ ಅದರ ಮೇಲೆಯೇ ಇದೆ. ಬಸವಕಲ್ಯಾಣ ಸಸ್ತಾಪುರ ಬಂಗ್ಲಾದಿಂದ ಸ್ವಲ್ಪ ಒಳಕ್ಕೆ. ಹೆದ್ದಾರಿ ಬದಿಯ ಆಟೋನಗರದಲ್ಲಿ ಗ್ಯಾರೇಜು, ಟೈರು, ಬಾಡಿ ಕಟ್ಟೋರು, ಸ್ಪೇರ್ ಪಾರ್ಟ್ಸ್. ಅನುಭವ ಮಂಟಪದ ಊರು ಲಾರಿಯ ಊರೂ ಆದದ್ದು ಹೀಗೆ. ನಮ್ಮ ಮನೆಯ ತೊಗರಿ ಗಂಜಿಗೆ ಹೋದ ಮೇಲೆ ಮುಂದೆ ಎಲ್ಲಿಗೆ ಹೋಗ್ತದೆ ಅಂತ ಕೇಳಿದ್ರೆ ಸಿಗುತ್ತಿದ್ದ ಉತ್ತರ ಒಂದೇ: ‘ಲಾರಿಗೆ.’

ಈಗ ನಿಜವಾದ ಪೆಟ್ಟಿನ ಮಾತು. ಬೀದರ್–ಕಲಬುರಗಿ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 1990ರ ದಶಕದಲ್ಲಿ. ಕಂತು ಕಂತಾಗಿ ಕೆಲಸ ನಡೆದು, ಮರಗುತ್ತಿ ಹತ್ತಿರದ ಉದ್ದನೆಯ ಸುರಂಗವೂ ಮುಗಿದು, 2017ರ ಅಕ್ಟೋಬರ್ 29ರಂದು ಪ್ರಧಾನಿ ಮೋದಿ ಬೀದರ್‌ನಲ್ಲಿ ಪೂರ್ತಿ ಮಾರ್ಗವನ್ನು ಉದ್ಘಾಟಿಸಿದರು. ಆದರೆ ಈ ಮಾರ್ಗ ಕಾಗದದ ಮೇಲೆ ಹುಟ್ಟುವ ಮೊದಲೇ, 1980ರ ದಶಕದಲ್ಲೇ, ಭಾರತೀಯ ರೈಲ್ವೆ ಒಂದೊಂದು ವ್ಯಾಗನ್ ಲೆಕ್ಕದ ವ್ಯಾಪಾರದಿಂದ ಹಂತ ಹಂತವಾಗಿ ಕೈ ತೊಳೆದುಕೊಂಡಿತ್ತು. ಇನ್ನು ಮುಂದೆ ಇಡೀ ರೈಲನ್ನೇ ಒಂದು ಕಡೆ ತುಂಬಬೇಕು, ಇನ್ನೊಂದು ಕಡೆ ಖಾಲಿ ಮಾಡಬೇಕು. ಅದಕ್ಕೆ ರೇಕ್ ಅಂತ ಹೆಸರು.

ಈ ತೀರ್ಮಾನವನ್ನು ಸುಮ್ನೆ ಬೈಯೋದು ಸರಿಯಲ್ಲ. ಬಿಡಿ ವ್ಯಾಗನ್ನುಗಳು ಒಂದು ಯಾರ್ಡಿನಿಂದ ಇನ್ನೊಂದು ಯಾರ್ಡಿಗೆ ಬಿಡಿಸಿ ಜೋಡಿಸಿ ಹೋಗುವಷ್ಟರಲ್ಲಿ ಸಾಕು ಸಾಕಾಗುತ್ತಿತ್ತು. 1980ರ ಸುಮಾರಿಗೆ ಒಂದು ವ್ಯಾಗನ್ ಒಮ್ಮೆ ತುಂಬಿ, ಖಾಲಿಯಾಗಿ, ಮತ್ತೆ ತುಂಬೋಕೆ ಸರಾಸರಿ ಹದಿನೈದು ದಿನ ಬೇಕಿತ್ತು. ಎರಡು ಸಾವಿರದ ಇಸವಿ ಹೊತ್ತಿಗೆ ಅದು ಅರ್ಧಕ್ಕೆ ಇಳಿಯಿತು. ಕಲ್ಲಿದ್ದಲು, ಸಿಮೆಂಟು, ಅದಿರು, ಎಫ್‌ಸಿಐ ಧಾನ್ಯ ಇವೆಲ್ಲ ವೇಗವಾಗಿ ಓಡತೊಡಗಿದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬ್ಯಾಚ್ ಸೈಜ್ ದೊಡ್ಡದು ಮಾಡಿ ಥ್ರೂಪುಟ್ ಹೆಚ್ಚಿಸಿದರು. ಅದರ ಬೆಲೆ ಯಾರು ಕೊಟ್ಟರು ಅನ್ನೋದು ಮಾತ್ರ ಆ ಡ್ಯಾಶ್‌ಬೋರ್ಡಿನಲ್ಲಿ ಕಾಣಿಸಲಿಲ್ಲ.

ಬೆಲೆ ಕೊಟ್ಟದ್ದು ಇನ್ನೂರು ಚೀಲದ ಗಿರಾಕಿ. ಈಗಿನ ಒಂದು ಸಾಮಾನ್ಯ ಮುಚ್ಚಿದ ರೇಕ್ ಅಂದ್ರೆ ನಲವತ್ತಕ್ಕೂ ಮೇಲ್ಪಟ್ಟು ವ್ಯಾಗನ್, ಸುಮಾರು 2,500 ಟನ್. ಅಂದ್ರೆ 25,000 ಕ್ವಿಂಟಲ್ ಚೀಲ. ಅಷ್ಟನ್ನೂ ಗಂಟೆಗಳ ಲೆಕ್ಕದಲ್ಲಿ ತುಂಬಬೇಕು, ತಡವಾದರೆ ಡೆಮರೇಜ್. ಒಂದು ಊರಿನ ದಾಲ್ ಮಿಲ್ಲಿನವನು ಒಂದೇ ದಿನ, ಒಂದೇ ಊರಿಗೆ ಅಷ್ಟು ಬೇಳೆ ಎಲ್ಲಿಂದ ತರಬೇಕು? ಅವನಿಗೆ ಬೇಕಾದ್ದು ಇವತ್ತು ಹೈದರಾಬಾದಿಗೆ ನೂರು ಚೀಲ, ನಾಳಿದ್ದು ಪುಣೆಗೆ ನೂರು. ಹಾಗಾಗಿ ಅವನು ಫೋನ್ ಮಾಡೋದು ಲಾರಿ ಆಫೀಸಿಗೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನ ಮುಕ್ಕಾಲಿಗಿಂತ ಹೆಚ್ಚು ಪಾಲು ರೈಲಿನಲ್ಲಿ ಹೋಗುತ್ತಿತ್ತು. ಈಗ ಮೂರರಲ್ಲಿ ಒಂದು ಪಾಲೂ ಇಲ್ಲ. ಆ ಕುಸಿತದಲ್ಲಿ ಇಂಥ ಸಾವಿರಾರು ಫೋನ್ ಕರೆಗಳು ಸೇರಿವೆ.

ಹಾಗಾಗಿ ಹುಮನಾಬಾದ್‌ನ ಕಥೆಯನ್ನು ‘ರೈಲು ತಡವಾಗಿ ಬಂತು’ ಅಂತ ಮುಗಿಸಿದರೆ ಅರ್ಧ ಮಾತ್ರ ಹೇಳಿದಂತೆ. ಪ್ರಯಾಣಿಕರಿಗೆ ಬಂದದ್ದು ತಡವಾದರೂ ಅವರು ಬಯಸಿದ ರೈಲೇ. ಗಂಜಿಗೆ ಬಂದದ್ದು ಬೇರೆಯದೇ ರೈಲು. ಕಲಬುರಗಿಯ ಸಾಹುಕಾರನಿಗೆ ನೂರಕ್ಕೂ ಹೆಚ್ಚು ವರ್ಷ ಸಿಕ್ಕ ಸೌಕರ್ಯ, ಒಂದು ವ್ಯಾಗನ್ ಬೇಕು ಅಂತ ಕೇಳುವ ಸೌಕರ್ಯ, ಹುಮನಾಬಾದಿಗೆ ಹಳಿ ಬರುವ ಮೊದಲೇ ದೇಶದಿಂದ ಹೊರಟು ಹೋಗಿತ್ತು. ನಿಧಾನಗತಿಯ ಯೋಜನೆಗಳ ನಷ್ಟವನ್ನು ನಾವು ಸಾಮಾನ್ಯವಾಗಿ ಕೋಟಿಗಳಲ್ಲಿ ಲೆಕ್ಕ ಹಾಕ್ತೀವಿ: ಇಷ್ಟಿದ್ದ ಅಂದಾಜು ಅಷ್ಟಾಯ್ತು ಅಂತ. ಕಾದು ಕೂತಷ್ಟು ಹೊತ್ತಿನಲ್ಲಿ ಬರಬೇಕಾದ ವಸ್ತುವಿನ ಸ್ವರೂಪವೇ ಬದಲಾಗಿಬಿಡುತ್ತೆ ಅನ್ನೋದು ಯಾವ ಅಂದಾಜುಪಟ್ಟಿಯಲ್ಲೂ ಬರೋದಿಲ್ಲ.

ಬಾಗಿಲು ಪೂರ್ತಿ ಮುಚ್ಚಿದೆ ಅಂತಲ್ಲ. ಇಪ್ಪತ್ತು ವ್ಯಾಗನ್ನಿನ ಮಿನಿ ರೇಕ್ ಪದ್ಧತಿ ಇದೆ. ಎರಡು ಸ್ಟೇಷನ್ನಿಗೆ ಒಂದೇ ರೇಕ್ ಹಂಚುವ ಅವಕಾಶವೂ ಇದೆ. 2020ರ ಆಗಸ್ಟ್ 7ರಂದು ನಾಶಿಕ್ ಹತ್ತಿರದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಮೊದಲ ಕಿಸಾನ್ ರೈಲು ಹೊರಟಾಗ, ದಾರಿಯ ಸ್ಟೇಷನ್ನುಗಳಲ್ಲಿ ನಿಂತು ಸಣ್ಣ ರೈತರ ಕೆಲವೇ ಪೆಟ್ಟಿಗೆ ಹಣ್ಣು ತರಕಾರಿಯನ್ನೂ ಹತ್ತಿಸಿಕೊಂಡಿತು. ಅದು ಸಬ್ಸಿಡಿ ಮೇಲೆ ಓಡಿದ ಗಾಡಿ, ನಿಜ. ಆದರೆ ಹತ್ತು ಜನರ ಸಣ್ಣ ಸಣ್ಣ ಮಾಲನ್ನು ಒಂದು ರೈಲಾಗಿ ಕೂಡಿಸೋದು ಆಗದ ಕೆಲಸ ಅಲ್ಲ ಅಂತ ತೋರಿಸಿಕೊಟ್ಟಿತು. ಕೂಡಿಸೋ ಕೆಲಸ ಯಾರು ಮಾಡಬೇಕು ಅನ್ನೋದೇ ಪ್ರಶ್ನೆ. ಎಪಿಎಂಸಿಯೋ, ರೈತ ಉತ್ಪಾದಕ ಸಂಘವೋ, ಆ್ಯಪ್ ಬರೆಯೋ ನಮ್ಮಂಥವರೋ. ಈ ಕೆಲಸವನ್ನು ಒಂದು ಕಾಲದಲ್ಲಿ ಲಂಬಾಣಿ ನಾಯಕರು ಕಾಗದವೇ ಇಲ್ಲದೆ ಮಾಡಿದ್ದರು.

ಅಲ್ಲಿಯವರೆಗೆ ನಿಜಕ್ಕೆ ಹತ್ತಿರವಾಗಿ ಹುಮನಾಬಾದನ್ನು ಮಾಡೆಲ್‌ನಲ್ಲಿ ಓಡಿಸಬೇಕಂದ್ರೆ ಹೀಗೆ ಮಾಡಬೇಕು. ಸ್ಟೇಷನ್ ಮುಂದೆ ಹೆದ್ದಾರಿ ಇರಲಿ, ಅದರ ಮೇಲೆ ಲಾರಿಗಳ ಸಾಲು ಇರಲಿ, ಹಳಿಗಿಂತ ಹೆಚ್ಚು ಕೆಲಸ ಅಲ್ಲೇ ನಡೆಯಲಿ. ಗೋಡೆಯ ಪೆಟ್ಟಿಗೆಗೆ ಒಂದು ಕಾರ್ಡ್ ಬರೆದು ಹಾಕಿ: ಹುಮನಾಬಾದ್ ಗಂಜ್, ತೊಗರಿ, ಇನ್ನೂರು ಚೀಲ. ಗೂಡ್ಸ್ ಗಾಡಿ ಬರುತ್ತೆ, ಹಾರ್ನ್ ಹೊಡೆಯುತ್ತೆ, ನಿಲ್ಲದೆ ಮುಂದೆ ಹೋಗುತ್ತೆ. ಕಾರ್ಡು ಮೂರನೇ ಗೂಡಿನಲ್ಲೇ ಇರುತ್ತೆ.