ಕಿಡಿ ಹುಟ್ಟುವುದು ಕಡಿತದಲ್ಲಿ

ಸ್ನಾನದ ಮನೆಯ ಗ್ಯಾಸ್ ಗೀಸರಿಗೆ ಹಾಕುವುದು ಎರಡು ದಪ್ಪ ಸೆಲ್ಲು. ಒಂದೊಂದರದ್ದು 1.5 ವೋಲ್ಟ್, ಎರಡೂ ಸೇರಿದರೆ 3. ನಲ್ಲಿ ತಿರುಗಿಸಿದೊಡನೆ ಒಳಗೆ ಟಿಕ್‌ಟಿಕ್ ಎಂದು ಹಾರುವ ಕಿಡಿಗಾದರೋ ಸಾವಿರಾರು ವೋಲ್ಟ್ ಬೇಕು. ಒಣ ಗಾಳಿಯಲ್ಲಿ ವಿದ್ಯುತ್ ಕ್ಷೇತ್ರ ಎಲ್ಲೆಡೆ ಸಮನಾಗಿದ್ದರೆ ಒಂದು ಸೆಂಟಿಮೀಟರ್ ಅಂತರ ದಾಟಲು ಸುಮಾರು 30 ಸಾವಿರ ವೋಲ್ಟ್ ಬೇಕಾಗುತ್ತದೆ. ತಂತಿಯ ತುದಿ ಚೂಪಾಗಿದ್ದರೆ ಅಷ್ಟು ಬೇಡ. ಏನೇ ಆಗಲಿ, ಸೆಲ್ಲಿಗೂ ಕಿಡಿಗೂ ನಡುವೆ ಸಾವಿರಾರು ಪಟ್ಟಿನ ಅಂತರವಿದೆ. ಇದನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿಯೊಳಗೆ ದಾಟಿಸುವ ವಿದ್ಯೆ ಬೆಳೆದು ಬಂದ ಬಗೆಯನ್ನು ಸಾಮಾನ್ಯವಾಗಿ ಸುರುಳಿಯ ಕಥೆಯಾಗಿಯೋ ಬ್ಯಾಟರಿಯ ಕಥೆಯಾಗಿಯೋ ಹೇಳುತ್ತಾರೆ: ಸುತ್ತು ಹೆಚ್ಚಿತು, ಬ್ಯಾಟರಿ ಸುಧಾರಿಸಿತು, ಉಪಕರಣ ಕೈಗೆ ಬಂತು. ನನಗೆ ತೋರುವುದು ಬೇರೆ. ಈ ವಿದ್ಯೆಯ ಒಂದೊಂದು ಹೆಜ್ಜೆಯನ್ನೂ ಮುಂದಿಟ್ಟದ್ದು ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿಯುವ ಸಾಧನ. ಸುರುಳಿ, ಬ್ಯಾಟರಿಗಳು ಅದರ ಹಿಂದೆ ನಡೆದು ಬಂದವು.

ಇದಕ್ಕೆ ಆಧಾರ ಭೌತಶಾಸ್ತ್ರದಲ್ಲೇ ಇದೆ. ಮೈಕಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡಂತೆ, ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುವುದು ಕಾಂತಬಲದ ಬದಲಾವಣೆ. ಬರೀ ಕಾಂತಬಲ ಅಲ್ಲ. ಬದಲಾವಣೆ ಎಷ್ಟು ಬೇಗ ಆಗುತ್ತದೋ ವೋಲ್ಟೇಜು ಅಷ್ಟು ಹೆಚ್ಚು. ಸುರುಳಿಗೆ ಬ್ಯಾಟರಿ ಜೋಡಿಸಿದಾಗ ವಿದ್ಯುತ್ತು ನಿಧಾನವಾಗಿ ಏರುತ್ತದೆ, ಏಕೆಂದರೆ ಅದನ್ನು ತಳ್ಳುವುದು ಬ್ಯಾಟರಿಯ ಆ ನಾಲ್ಕಾರು ವೋಲ್ಟು ಮಾತ್ರ. ಕಡಿಯುವಾಗ ಇಂಥ ಮಿತಿಯಿಲ್ಲ. ರಭಸದಿಂದ ಹರಿಯುವ ನೀರಿನ ನಲ್ಲಿಯನ್ನು ಒಮ್ಮೆಲೇ ಮುಚ್ಚಿದರೆ ಪೈಪು ಧಡ್ ಎಂದು ಅದುರುವ ಹಾಗೆ, ಸುರುಳಿಯಲ್ಲಿ ಸೇರಿದ್ದ ಶಕ್ತಿ ದಾರಿ ಕಾಣದೆ ವೋಲ್ಟೇಜಾಗಿ ಏಳುತ್ತದೆ. ಮೋಟಾರು ಗಾಡಿಯ ಕಾಯಿಲಿನ ಅಳತೆಯನ್ನೇ ಹಿಡಿಯಿರಿ: 5 ಮಿಲಿಹೆನ್ರಿಯ ಸುರುಳಿಯಲ್ಲಿ 4 ಆಂಪಿಯರ್ ಹರಿಯುತ್ತಿದ್ದರೆ ಅದರಲ್ಲಿರುವ ಶಕ್ತಿ ಒಂದು ಜೂಲಿನ 25ನೇ ಒಂದು ಭಾಗ. ಲೆಕ್ಕಕ್ಕೆ ಅಲ್ಪ. ಆದರೆ ಕೆಲವು ಮಿಲಿಸೆಕೆಂಡುಗಳಲ್ಲಿ ಕೂಡಿಟ್ಟ ಈ ಅಲ್ಪವನ್ನು ಅದರ ಎಷ್ಟೋ ಪಾಲು ಕಡಿಮೆ ಸಮಯದಲ್ಲಿ ಹೊರಹಾಕಿದರೆ ಗಾಳಿಯನ್ನು ಸೀಳಲು ಸಾಕು.

ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ ನಿಕೊಲಸ್ ಕ್ಯಾಲನ್ 1836ರಲ್ಲಿ ಎರಡು ಸುರುಳಿಗಳ ಇಂಡಕ್ಷನ್ ಕಾಯಿಲನ್ನು ಕಟ್ಟಿದಾಗ ಈ ಮಾತು ಅವನಿಗೆ ಸ್ಪಷ್ಟವಾಗಿತ್ತು. ಪಾದರಸದ ಬಟ್ಟಲುಗಳಲ್ಲಿ ತಂತಿಯನ್ನು ಅದ್ದಿ ಎತ್ತುತ್ತಾ ವಿದ್ಯುತ್ತನ್ನು ಬೇಗಬೇಗ ಕಡಿಯುವ ಸಾಧನವನ್ನೂ ಅವನು ಮಾಡಿಕೊಂಡಿದ್ದ. ಆಮೇಲೆ ಬಂದದ್ದು ತಾನೇ ಬಡಿದುಕೊಳ್ಳುವ ಸುತ್ತಿಗೆ: ಕಾಂತ ಎಳೆದಾಗ ಸಂಪರ್ಕ ಕಡಿಯುತ್ತದೆ, ಕಡಿದಾಗ ಕಾಂತ ಸಡಿಲುತ್ತದೆ, ಸುತ್ತಿಗೆ ಹಿಂದಕ್ಕೆ ಬಂದು ಮತ್ತೆ ಕೂಡುತ್ತದೆ. ಹಳೆಯ ಮನೆಗಳ ಕರೆಗಂಟೆಯಲ್ಲಿದ್ದದ್ದೂ ಇದೇ. ಪ್ಯಾರಿಸ್ಸಿನ ಹೈನ್ರಿಕ್ ರುಮ್‌ಕಾರ್ಫ್ 1851ರಿಂದ ಮಾಡಿ ಮಾರಿದ ಕಾಯಿಲುಗಳು ಲೋಕಪ್ರಸಿದ್ಧವಾದವು. 1864ರಲ್ಲಿ ಫ್ರಾನ್ಸಿನ ಸರ್ಕಾರ ಅವನಿಗೆ 50,000 ಫ್ರಾಂಕುಗಳ ಬಹುಮಾನ ಕೊಟ್ಟಿತು. ಕಾಯಿಲಿಗೆ ಇಂದಿಗೂ ಅವನ ಹೆಸರೇ ಅಂಟಿದೆ. ಆದರೆ ಆ ಕಾಯಿಲಿನ ಕಸುವಿಗೆ ಕಾರಣ, ಅದನ್ನು ಮಾಡಿದವನಷ್ಟೇ, 1853ರಲ್ಲಿ ಭೌತಶಾಸ್ತ್ರಜ್ಞ ಇಪ್ಪೊಲಿಟ್ ಫಿಜೋ ಕೊಟ್ಟ ಸಲಹೆಯೂ ಹೌದು. ಸಂಪರ್ಕ ಬಿಡಿಸಿಕೊಳ್ಳುವಾಗ ಆ ಸಂದಿನಲ್ಲೇ ಕಿಡಿ ಹಾರಿ ವಿದ್ಯುತ್ತು ಕುಂಟುತ್ತಾ ನಿಲ್ಲುತ್ತಿತ್ತು. ಅದರ ಅಡ್ಡಕ್ಕೆ ಒಂದು ಕಂಡೆನ್ಸರ್ (ಇಂದಿನ ಮಾತಿನಲ್ಲಿ ಕೆಪಾಸಿಟರ್) ಕಟ್ಟಿದರೆ ಕಡಿತ ಚೊಕ್ಕವಾಗುತ್ತದೆ ಎಂದ ಫಿಜೋ. ಸುತ್ತು ಹೆಚ್ಚಿಸದೆ, ಬ್ಯಾಟರಿ ಬದಲಿಸದೆ, ಕಿಡಿ ಉದ್ದವಾಯಿತು. ನನ್ನ ವಾದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ಹೆಗಲಿಗೆ ಬ್ಯಾಟರಿ ಚೀಲ ತೂಗುಹಾಕಿ ಗಣಿಯೊಳಗೆ ಒಯ್ಯುವ ದೀಪವೂ ಇದೇ ಕಾಯಿಲಿನಿಂದ ಹುಟ್ಟಿತು. ಜೂಲ್ಸ್ ವರ್ನ್ 1864ರ ತನ್ನ ಪಾತಾಳಯಾನದ ಕಾದಂಬರಿಯಲ್ಲಿ ಪಾತ್ರಗಳ ಕೈಗೆ ಕೊಟ್ಟದ್ದು ಆ ದೀಪವನ್ನೇ.

ಕಡಿತವನ್ನು ಬೇರೊಂದು ಬಗೆಯಲ್ಲಿ ಯೋಚಿಸಿದವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರು. ಹೈನ್ರಿಕ್ ಹರ್ಟ್ಸ್ ರೇಡಿಯೋ ಅಲೆಗಳನ್ನು ತೋರಿಸಿದ್ದು ಇಂಡಕ್ಷನ್ ಕಾಯಿಲಿನ ಕಿಡಿಯಿಂದ. ಆ ಪ್ರಯೋಗಗಳನ್ನು ಮುಂದುವರಿಸಿದ ಇತರರ ಮೇಜಿನ ಮೇಲೂ ಬಡಿದುಕೊಳ್ಳುವ ಸುತ್ತಿಗೆ ಇತ್ತು, ಅದರ ಅಂಕೆಯಿಲ್ಲದ ಗದ್ದಲವೂ ಇತ್ತು. ಕೆಲವೇ ಮಿಲಿಮೀಟರ್ ಉದ್ದದ ಅಲೆಗಳ ಬೆನ್ನುಹತ್ತಿದ್ದ ಬೋಸರು ಆ ಸುತ್ತಿಗೆಯನ್ನೇ ತೆಗೆದುಹಾಕಿದರು. ಕೀಲಿ ಒತ್ತಿ ಬಿಟ್ಟರೆ ಒಂದು ಕಿಡಿ. ಅಳತೆಗೆ ಅಷ್ಟು ಸಾಕು. ಕಾಯಿಲು ಮತ್ತು ಒಂದು ಚಿಕ್ಕ ಸಂಗ್ರಹ ಕೋಶ ಎರಡೂ ಲೋಹದ ಪೆಟ್ಟಿಗೆಯೊಳಗೆ ಕೂತವು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಪ್ರದರ್ಶಿಸಿದ್ದು ಇಂಥ ಉಪಕರಣಗಳನ್ನೇ. ಬ್ಯಾಟರಿಯಿಂದ ನಡೆಯುವ ಒಯ್ಯಬಲ್ಲ ಕಿಡಿ ಯಂತ್ರದ ಚರಿತ್ರೆ ಬರೆಯುವವರು ಬೋಸರನ್ನು ರೇಡಿಯೋದ ಅಧ್ಯಾಯಕ್ಕೆ ಬಿಟ್ಟುಕೊಟ್ಟು ಮುಂದೆ ಹೋಗುತ್ತಾರೆ. ಅದು ಸರಿಯಲ್ಲ.

ಒಂದು ಕಡಿತಕ್ಕೆ ಒಂದು ಕಿಡಿ ಎಂಬ ಇದೇ ತತ್ವವನ್ನು ಬೀದಿಗೆ ತಂದದ್ದು ಮೋಟಾರು ಗಾಡಿ. ಫೋರ್ಡಿನ ಮಾಡೆಲ್ ಟಿ (1908) ಇನ್ನೂ ನಡುಗುವ ಸುತ್ತಿಗೆಯ ನಾಲ್ಕು ಕಾಯಿಲುಗಳನ್ನು ಹೊತ್ತಿತ್ತು. ಅಮೆರಿಕದ ಡೇಟನ್ನಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಪದ್ಧತಿ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗೆ ಬಂತು: ಎಂಜಿನ್ನೇ ತಿರುಗಿಸುವ ಕ್ಯಾಮು ತಕ್ಕ ಕ್ಷಣದಲ್ಲಿ ಪಾಯಿಂಟು ಎಂಬ ಲೋಹದ ಸಂಪರ್ಕವನ್ನು ಬಿಡಿಸುತ್ತದೆ, ಫಿಜೋನ ಕಂಡೆನ್ಸರು ಪಕ್ಕದಲ್ಲಿ ಕಾವಲಿರುತ್ತದೆ. ಪಾಯಿಂಟು ಬಿಡಿಸಿಕೊಂಡಾಗ ಮೊದಲ ಸುರುಳಿಯಲ್ಲಿ ಏಳುವ ಸುಮಾರು 300 ವೋಲ್ಟನ್ನು ಎರಡನೆಯ ಸುರುಳಿ ನೂರರಷ್ಟು ಮಾಡುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬಂದ ಜಾವಾ ಬೈಕುಗಳಲ್ಲಿ 6 ವೋಲ್ಟಿನ ಬ್ಯಾಟರಿ ಮಾಡುತ್ತಿದ್ದುದೂ ಇದೇ ಕೆಲಸ. ಆ ಕಾಲದ ಮೆಕ್ಯಾನಿಕ್ಕುಗಳ ಮೊದಲ ಪ್ರಶ್ನೆ ಕಾಯಿಲಿನದಲ್ಲ. ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಪಾಯಿಂಟು ಉಜ್ಜಿ ಗ್ಯಾಪು ನೋಡುತ್ತಿದ್ದರು, ಆಮೇಲೆ ಕಂಡೆನ್ಸರು. ಕೆಡುತ್ತಿದ್ದುದು ಕಡಿತವೇ ಎಂದು ಅವರ ಕೈಗೆ ಗೊತ್ತಿತ್ತು.

ಲೋಹದ ಪಾಯಿಂಟಿಗೆ ಒಂದು ಮಿತಿಯಿದೆ: ಸುಡುತ್ತದೆ, ಸವೆಯುತ್ತದೆ, ಸೆಕೆಂಡಿಗೆ ಕೆಲವು ನೂರು ಸಲಕ್ಕಿಂತ ಹೆಚ್ಚು ಚೊಕ್ಕವಾಗಿ ಕಡಿಯಲಾರದು. 1947ರಲ್ಲಿ ಬಂದ ಟ್ರಾನ್ಸಿಸ್ಟರು ಈ ಗೋಡೆಯನ್ನು ಕೆಡವಿತು. ಕ್ಯಾಮೆರಾ ಫ್ಲ್ಯಾಶು 1.5 ವೋಲ್ಟಿನ ಒಂದು ಸೆಲ್ಲಿನಿಂದ 300 ವೋಲ್ಟ್ ತುಂಬಿಕೊಳ್ಳುವಾಗ ಕೇಳುವ ಸಣ್ಣ ಶಿಳ್ಳೆ ಟ್ರಾನ್ಸಿಸ್ಟರಿನ ಕಡಿತದ ಲಯ. ಸೊಳ್ಳೆ ಬ್ಯಾಟಿನೊಳಗೂ ಅದೇ ವಿನ್ಯಾಸ, ಜೊತೆಗೆ ವೋಲ್ಟೇಜನ್ನು ಗುಣಿಸುವ ಡಯೋಡು, ಕೆಪಾಸಿಟರುಗಳ ಸಾಲು; ಕೇಂಬ್ರಿಜ್‌ನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ 1932ರಲ್ಲಿ ಪರಮಾಣು ಒಡೆಯಲು ಬಳಸಿದ ಜೋಡಣೆ ಇಂದು ಸೊಳ್ಳೆ ಹೊಡೆಯುತ್ತಿದೆ. ದೊಡ್ಡ ವಿದ್ಯುತ್ತನ್ನು ಚಿಕ್ಕ ಸನ್ನೆಯಿಂದ ಕಡಿಯಬಲ್ಲ ಐಜಿಬಿಟಿಯನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಬೆಳೆಸಿದವರು ಬಿ. ಜಯಂತ ಬಾಳಿಗ. ಅವರು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು. ಇಂದಿನ ಪೆಟ್ರೋಲ್ ಕಾರುಗಳಲ್ಲಿ ಹಳೆಯ ಪಾಯಿಂಟಿನ ಜಾಗದಲ್ಲಿ ಬಹುಮಟ್ಟಿಗೆ ಕೂತಿರುವುದು ಆ ಸಾಧನ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಒಯ್ಯಬಲ್ಲ ಯಂತ್ರ ಸಾಧ್ಯವಾದದ್ದು ಬ್ಯಾಟರಿಯಿಂದ ಅಲ್ಲವೇ ಎಂಬುದು ಮೊದಲನೆಯದು. ಅರ್ಧ ನಿಜ. ಲಿಥಿಯಂ ಕೋಶ ತನ್ನ ಗಾತ್ರಕ್ಕೆ ಮೀರಿದ ಆಂಪಿಯರುಗಳನ್ನು ಕೊಡುತ್ತದೆ, ಅದಿಲ್ಲದೆ ಅಂಗೈಯಗಲದ ಆರ್ಕ್ ಲೈಟರು ಇರುತ್ತಿರಲಿಲ್ಲ. ಆದರೆ ಅದರ ವೋಲ್ಟೇಜು 3.7, ಹತ್ತೊಂಬತ್ತನೆಯ ಶತಮಾನದ ಕೋಶಗಳಿಗಿಂತ ಎರಡು ಮೂರು ಪಟ್ಟು, ಅಷ್ಟೇ. ಉಳಿದ ಸಾವಿರಾರು ಪಟ್ಟು ಬೇರೆಡೆಯಿಂದ ಬರಬೇಕು. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಯಂತ್ರ ಕುಗ್ಗಿದ್ದು ಕಬ್ಬಿಣದ ತಿರುಳಿನ ಬದಲು ಫೆರೈಟ್ ಬಂದದ್ದರಿಂದ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಬೇಕು. ಒಂದು ಸಲಕ್ಕೆ 50 ಮಿಲಿಜೂಲ್ ಹೊರುವ ಸುರುಳಿ ಸೆಕೆಂಡಿಗೆ 100 ಸಲ ಕಡಿದರೆ 5 ವಾಟ್. ಸೆಕೆಂಡಿಗೆ ಒಂದು ಲಕ್ಷ ಸಲ ಕಡಿಯಲು ಬಂದರೆ ಸಲಕ್ಕೆ 50 ಮೈಕ್ರೊಜೂಲ್ ಹೊತ್ತರೂ ಅದೇ 5 ವಾಟ್. ಹೊರೆ ಸಾವಿರದ ಒಂದು ಪಾಲಾದದ್ದರಿಂದ ಸುರುಳಿ ಸಣ್ಣದಾಯಿತು. ಆ ವೇಗದಲ್ಲಿ ಕಾಯದೆ ಉಳಿಯುವುದು ಫೆರೈಟಿನ ಗುಣ, ನಿಜ. ಆದರೆ ಅಷ್ಟು ವೇಗವಾಗಿ ಕಡಿಯುವವರೇ ಇಲ್ಲದಿದ್ದರೆ ಆ ಗುಣಕ್ಕೆ ಗಿರಾಕಿಯಿಲ್ಲ.

ಕಡಿತದ ಮಹತ್ವ ಅತ್ಯಂತ ನಿಷ್ಠುರವಾಗಿ ಕಾಣುವುದು ಕಾಡಂಚಿನ ಬೇಲಿಯಲ್ಲಿ. ಬಂಡೀಪುರ, ನಾಗರಹೊಳೆ, ಕೊಡಗಿನ ಸುತ್ತ ಆನೆ ತಡೆಯಲು ಹಾಕಿದ ಸೌರಬೇಲಿಯ ಹಿಂದಿರುವುದೂ ಬ್ಯಾಟರಿಯಿಂದ ನಡೆಯುವ ಇಂಥದೇ ಪೆಟ್ಟಿಗೆ. ಅದು ಸಾವಿರಾರು ವೋಲ್ಟನ್ನು ಸುಮಾರು ಸೆಕೆಂಡಿಗೊಮ್ಮೆ, ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಕಳಿಸುತ್ತದೆ. ಮುಟ್ಟಿದ ಪ್ರಾಣಿಗೆ ಏಟು ಬೀಳುತ್ತದೆ. ನಡುವಿನ ಬಿಡುವಿನಲ್ಲಿ ಅದು ಹಿಂದೆ ಸರಿಯಬಹುದು. ಅದೇ ತಂತಿಗೆ ಕದ್ದು ಜೋಡಿಸಿದ ಕಂಬದ ಕರೆಂಟು ಬರೀ 230 ವೋಲ್ಟ್, ಆದರೆ ಬಿಡುವಿಲ್ಲ. ಸ್ನಾಯು ಸೆಡೆತು ಬಿಡಿಸಿಕೊಳ್ಳಲಾಗದೆ ಆನೆಯೂ ಸಾಯುತ್ತದೆ, ಬೇಲಿ ಹಾಕಿದ ರೈತನೂ ಸಾಯುತ್ತಾನೆ. ಹಾಗಾದರೆ ಕಡಿತವಿದ್ದ ಮಾತ್ರಕ್ಕೆ ಕಿಡಿ ಯಂತ್ರವೆಲ್ಲ ನಿರಪಾಯವೇ? ಅಲ್ಲ. ಕಿಡಿಯ ಹಿಂದೆ ಎಷ್ಟು ಶಕ್ತಿ ಕೂಡಿಟ್ಟಿದೆ ಎಂಬುದನ್ನೂ ಕೇಳಬೇಕು. ಫ್ಲ್ಯಾಶಿನ ಕೆಪಾಸಿಟರಿನಲ್ಲಿರುವುದು 300 ವೋಲ್ಟಾದರೂ ಹಲವು ಜೂಲಿನ ಶಕ್ತಿ ಒಂದೇ ಏಟಿಗೆ ಹೊರಬರುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಎಷ್ಟೋ ಹೊತ್ತು ಅಲ್ಲೇ ಕೂತಿರುತ್ತದೆ. ಆನ್‌ಲೈನಿನಲ್ಲಿ ಬಿಡಿಯಾಗಿ ಸಿಗುವ ಪುಟ್ಟ ಕಿಡಿ ಮಾಡ್ಯೂಲುಗಳ ಮೇಲಾದರೋ 4 ಲಕ್ಷ ವೋಲ್ಟ್ ಎಂದು ಅಚ್ಚಾಗಿರುತ್ತದೆ. ಕಿಡಿ ಹಾರುವುದು ಒಂದೆರಡು ಸೆಂಟಿಮೀಟರ್. ಆ ಉದ್ದಕ್ಕೆ ಹೆಚ್ಚೆಂದರೆ ಅರವತ್ತು ಸಾವಿರ ವೋಲ್ಟಿನ ಲೆಕ್ಕ ಬರುತ್ತದೆ. ಒಂದು ಕಡಿತಕ್ಕೆ ಎಷ್ಟು ಜೂಲ್, ಸೆಕೆಂಡಿಗೆ ಎಷ್ಟು ಕಡಿತ ಎಂದು ಆ ಚೀಟಿ ಹೇಳುವುದಿಲ್ಲ. ಬೇಲಿಯ ಪೆಟ್ಟಿಗೆಯನ್ನು ಜೂಲಿನ ಲೆಕ್ಕದಲ್ಲೇ ಮಾರುತ್ತಾರೆ.